ನಮ್ಮವನು ಬಾಡಿಗೆ ಮುಳುಗಿಸಿದರೆ ಅವನೊಬ್ಬನ ತಪ್ಪು, ಬೇರೆಯವನಾದರೆ ಅವರ ಇಡೀ ಮಂದಿಯ ತಪ್ಪು. ಯಾಕೆ ಹೀಗೆ?

ಸಪ್ತಾಪುರದಾಕೆ ಕೇಳಿದ್ದು:

ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದಲು ಬಂದ ಹುಡುಗ ಹುಡುಗಿಯರೇ ಇಲ್ಲಿ ಬೀದಿ ತುಂಬ ಇದ್ದಾರೆ. ನಾವೂ ಮೇಲಿನ ರೂಮುಗಳನ್ನು ಬಾಡಿಗೆಗೆ ಕೊಡುತ್ತೇವೆ. ಯಾರಿಗೆ ಕೊಡಬೇಕು, ಎಷ್ಟಕ್ಕೆ ಕೊಡಬೇಕು ಎಲ್ಲಾ ಅಪ್ಪಾಜಿಯದೇ ತೀರ್ಮಾನ.

ಹಿಂದೊಮ್ಮೆ ಒಬ್ಬ ಹುಡುಗ ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಹಾಸಿಗೆ ಸುತ್ತಿಕೊಂಡು ಹೋದ. ನಮ್ಮ ಪೈಕಿಯವನೇ, ದೂರದ ಸಂಬಂಧವೂ ಹೌದು. ಅಪ್ಪಾಜಿ ಚೆನ್ನಾಗಿ ಬೈದರು. "ಹುಡುಗ ಖೋಡಿ, ಸಹವಾಸ ಸುಮಾರ ಇತ್ತು" ಅಂದರು. ಅಲ್ಲಿಗೆ ಮುಗಿಯಿತು. ಈಗ ಇತ್ತೀಚೆಗೆ ಇನ್ನೊಬ್ಬ ಅರ್ಧ ಬಾಡಿಗೆ ಕೊಟ್ಟು ಹೋದ. ಇವನು ಬೇರೆ ಸಮುದಾಯದವನು. ಯಾವುದು ಅಂತ ಬರೆಯುವುದಿಲ್ಲ, ಬರೆದರೆ ಇಲ್ಲಿ ಮಾತೆಲ್ಲ ಅತ್ತಲೇ ತಿರುಗುತ್ತದೆ. ಈ ಸಲ ಅಪ್ಪಾಜಿ ಆ ಹುಡುಗನನ್ನು ಬೈಯಲೇ ಇಲ್ಲ. "ಅವರ ಮಂದೀನ ಹಂಗ" ಅಂದರು. ಅವತ್ತಿನಿಂದ ಯಾರು ರೂಮು ಕೇಳಲು ಬಂದರೂ ಮೊದಲ ಪ್ರಶ್ನೆ "ಯಾವ ಪೈಕಿ?" ಅಂತ.

ತಪ್ಪು ಒಂದೇ. ನಿಜ ಹೇಳಬೇಕೆಂದರೆ ಮೊದಲಿನವನೇ ಜಾಸ್ತಿ ಮುಳುಗಿಸಿದ್ದು. ಆದರೂ ಅವನಿಂದ ನಮ್ಮ ಜಾತಿಗೆ ಕೆಟ್ಟ ಹೆಸರು ಬರಲಿಲ್ಲ.

ಅಪ್ಪಾಜಿ ಕೆಟ್ಟವರಲ್ಲ. ಮೊಹರಂನ ಅಲೈ ಹಬ್ಬದಲ್ಲಿ ಪಂಜಾದ ಮುಂದೆ ಸಕ್ಕರೆ ಓದಿಸುತ್ತಾರೆ, ಶಿಶುನಾಳದ ಜಾತ್ರೆಗೆ ತಪ್ಪದೆ ಹೋಗುತ್ತಾರೆ. ಅದಕ್ಕೇ ನನಗೆ ಇದು ಅರ್ಥವಾಗುತ್ತಿಲ್ಲ. ಮನಸ್ಸು ಯಾಕೆ ಹೀಗೆ ಲೆಕ್ಕ ಹಾಕುತ್ತದೆ? "ಹಳೇ ಕಾಲದವರು, ಬಿಡಿ" ಅಂತ ದಯವಿಟ್ಟು ಹೇಳಬೇಡಿ. ನನ್ನ ತಮ್ಮ ಇಂಜಿನಿಯರು, ಹುಬ್ಬಳ್ಳಿಯಲ್ಲಿ ಕೆಲಸ, ಅವನೂ ಇದೇ ಮಾತಾಡುತ್ತಾನೆ. ತಿಳಿದವರು ಹೇಳಿ, ಮತ್ತು ಮನೆಯಲ್ಲಿ ಏನು ಮಾಡಬಹುದು ಅಂತಲೂ ಹೇಳಿ.

ಮನಶ್ಶಾಸ್ತ್ರದ ಮೇಷ್ಟ್ರು, ಧಾರವಾಡ:

ನಿಮ್ಮ ಮನೆಯಲ್ಲಿ ಆದದ್ದನ್ನು ದಕ್ಷಿಣ ಭಾರತದಲ್ಲೇ ಒಮ್ಮೆ ಪರೀಕ್ಷೆ ಮಾಡಿ ನೋಡಿದ್ದಾರೆ ಅಂದರೆ ನಂಬುತ್ತೀರಾ? ಟೇಲರ್ ಮತ್ತು ಜಗ್ಗಿ ಅನ್ನುವ ಇಬ್ಬರು ಸಂಶೋಧಕರು, ಪ್ರಕಟವಾದದ್ದು 1974ರಲ್ಲಿ. 30 ಜನ ಹಿಂದೂ ಗುಮಾಸ್ತರಿಗೆ ಸಣ್ಣ ಸಣ್ಣ ಸನ್ನಿವೇಶ ಕೊಟ್ಟರು. ನೀವು ಅಂಗಡಿಗೆ ಹೋಗಿದ್ದೀರಿ, ಅಂಗಡಿಯವನು ಮೋಸ ಮಾಡಿದ, ಇಲ್ಲವೇ ಧಾರಾಳವಾಗಿ ನಡೆದುಕೊಂಡ. ಮಳೆಗೆ ಸಿಕ್ಕಿಕೊಂಡಿದ್ದೀರಿ, ಮನೆಯವನು ಒಳಗೆ ಕರೆದ, ಇಲ್ಲವೇ ಕರೆಯಲಿಲ್ಲ. ಕೆಲವು ಕಡೆ ಆ ಮನುಷ್ಯ ಹಿಂದೂ, ಕೆಲವು ಕಡೆ ಮುಸ್ಲಿಂ. ಅವನು ಹಾಗೆ ಯಾಕೆ ಮಾಡಿದ ಅಂತ ಕೇಳಿದರು. ತಮ್ಮವನು ಒಳ್ಳೆಯದು ಮಾಡಿದರೆ ಅದು ಅವನ ಗುಣ, ಕೆಟ್ಟದು ಮಾಡಿದರೆ ಪರಿಸ್ಥಿತಿ ಹಾಗಿತ್ತು. ಬೇರೆಯವನಾದರೆ ಇದು ಪೂರ್ತಿ ತಲೆಕೆಳಗು. ಅವನ ಒಳ್ಳೆತನಕ್ಕೆ ಹೊರಗಿನ ಕಾರಣ, ಕೆಟ್ಟತನ ಮಾತ್ರ ಅವನ ಹುಟ್ಟುಗುಣ.

ನಿಮ್ಮ ಅಪ್ಪಾಜಿಯ "ಸಹವಾಸ ಸುಮಾರ ಇತ್ತು" ಮತ್ತು "ಅವರ ಮಂದೀನ ಹಂಗ" ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ತಪ್ಪು ಹುಡುಗನಿಂದಲೂ ಆಚೆ ಸರಿದು ಅವನ ಗೆಳೆಯರ ಮೇಲೆ ಹೋಯಿತು!

ಒಂದು ಮಾತು ಸೇರಿಸಬೇಕು. ಇದು ಎಲ್ಲ ಗುಂಪಿನಲ್ಲೂ ಒಂದೇ ಸಮ ಇರುವುದಿಲ್ಲ. 1985ರಲ್ಲಿ ಹ್ಯೂಸ್ಟನ್ ಮತ್ತು ವಾರ್ಡ್ ಅನ್ನುವವರು ಮಲೇಷಿಯಾದಲ್ಲಿ ಇಂಥದೇ ಪರೀಕ್ಷೆ ಮಾಡಿದಾಗ ಬಹುಸಂಖ್ಯಾತ ಮಲಯ ವಿದ್ಯಾರ್ಥಿಗಳು ತಮ್ಮವರ ಪರ ನಿಂತರು. ಆದರೆ ಅಲ್ಲಿನ ಚೀನಿ ವಿದ್ಯಾರ್ಥಿಗಳು ತಮ್ಮವರನ್ನು ಹಾಗೆ ವಹಿಸಿಕೊಳ್ಳಲಿಲ್ಲ. ಯಾರ ಕೈ ಮೇಲಿದೆ ಅನ್ನುವುದೂ ಇದರಲ್ಲಿ ಸೇರಿಕೊಂಡಿದೆ.

ಇದರ ಬೇರು ಎಷ್ಟು ಆಳದಲ್ಲಿದೆ ಅನ್ನುವುದಕ್ಕೆ ಹೆನ್ರಿ ತಜ್ಫೆಲ್ ಅನ್ನುವವರ ಕೆಲಸ ನೋಡಿ. ಅವರು ಪೋಲೆಂಡಿನ ಯಹೂದಿ, ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರಾಗಿ ಜರ್ಮನರಿಗೆ ಸೆರೆಸಿಕ್ಕವರು. ಯುದ್ಧ ಮುಗಿದು ಬಂದಾಗ ಮನೆಯವರು ಯಾರೂ ಉಳಿದಿರಲಿಲ್ಲ. ಮನುಷ್ಯರು ಗುಂಪು ಕಟ್ಟಿ ಯಾಕೆ ಹೀಗೆ ಮಾಡುತ್ತಾರೆ ಅನ್ನುವುದು ಅವರಿಗೆ ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. 1970ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ 14-15 ವರ್ಷದ ಶಾಲಾ ಹುಡುಗರದು. ನಿನಗೆ ಕ್ಲೇ ಅನ್ನುವ ಚಿತ್ರಕಾರ ಬಿಡಿಸಿದ ಚಿತ್ರ ಇಷ್ಟ, ನಿನಗೆ ಕ್ಯಾಂಡಿನ್‌ಸ್ಕಿ ಅನ್ನುವವನು ಬಿಡಿಸಿದ್ದು ಇಷ್ಟ ಅಂತ ಹೇಳಿ ಎರಡು ಗುಂಪು ಮಾಡಿದರು. ಆಮೇಲೆ ಬೇರೆಯವರಿಗೆ ಹಣ ಹಂಚಲು ಹೇಳಿದರು. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಹುಡುಗರಿಗೆ ಗೊತ್ತಿಲ್ಲ. ತನಗೆ ಒಂದು ಪೈಸೆ ಲಾಭವಿಲ್ಲ. ಆದರೂ ತಮ್ಮ ಗುಂಪಿಗೇ ಜಾಸ್ತಿ ಕೊಟ್ಟರು. ಎಷ್ಟರಮಟ್ಟಿಗೆ ಅಂದರೆ, ತಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಅಡ್ಡಿಯಿಲ್ಲ, ಅವರಿಗಿಂತ ಮೇಲಿರಬೇಕು ಅನ್ನುವ ಹಾಗೆ ಹಂಚಿದರು.

ಜಗಳವಿಲ್ಲ, ಇತಿಹಾಸವಿಲ್ಲ, ದೇವರಿಲ್ಲ, ಆಸ್ತಿಯಿಲ್ಲ. ಸುಮ್ನೆ ಒಂದು ಹೆಸರು ಕೊಟ್ಟರೆ ಇಷ್ಟಾಗುತ್ತದೆ. ನಮ್ಮ ಜಾತಿ, ಧರ್ಮಕ್ಕೆ ಇವೆಲ್ಲವೂ ಇವೆ.

ಗೋಕುಲ ರೋಡ್ ಮನೆ ಮಾಲೀಕ, ಹುಬ್ಬಳ್ಳಿ:

ಮೇಷ್ಟ್ರೇ, ಪರೀಕ್ಷೆ ಪ್ರಯೋಗ ಎಲ್ಲಾ ಸರಿ. ಆದರೆ ಮನೆ ಬಾಡಿಗೆ ಕೊಡುವವನಿಗೆ ಅನುಭವ ಅಂತ ಒಂದು ಇರುತ್ತದಲ್ವಾ? ಸಾಲ ಮಾಡಿ ಕಟ್ಟಿದ ಮನೆ, ಪ್ರತಿ ತಿಂಗಳು ಬ್ಯಾಂಕಿಗೆ ಕಂತು ಕಟ್ಟಬೇಕು. ನನಗೆ ಎರಡು ಸಲ ತೊಂದರೆ ಕೊಟ್ಟವರು ಒಂದೇ ಸಮುದಾಯದವರು. ಮೂರನೇ ಸಲ ಅದೇ ಪೈಕಿಯವರು ಬಂದಾಗ ನಾನು ಹಿಂದೆ ಮುಂದೆ ನೋಡಿದರೆ ಅದನ್ನು ದ್ವೇಷ ಅನ್ನಬೇಡಿ. ನಾನು ಯಾರನ್ನೂ ದ್ವೇಷಿಸುವವನಲ್ಲ. ಸಪ್ತಾಪುರದ ತಂಗಿಯ ತಂದೆಯವರೂ ಹಾಗೇ ಇರಬೇಕು. ಸುಟ್ಟುಕೊಂಡ ಕೈ ಜಾಗ್ರತೆ ಕೇಳುತ್ತದೆ.

ಮನಶ್ಶಾಸ್ತ್ರದ ಮೇಷ್ಟ್ರು, ಧಾರವಾಡ:

ದ್ವೇಷ ಅಂತ ನಾನೂ ಅನ್ನುವುದಿಲ್ಲ ಅಣ್ಣಾರೆ. ದ್ವೇಷವಿಲ್ಲದೆಯೂ ಲೆಕ್ಕ ತಪ್ಪುತ್ತದೆ, ಅದೇ ಇದರಲ್ಲಿ ಭಯ ಹುಟ್ಟಿಸುವ ವಿಷಯ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಅನ್ನುವವರು ಜನರಿಗೆ 39 ವಾಕ್ಯ ತೋರಿಸಿದರು. "ಎ" ಗುಂಪಿನವರ ಬಗ್ಗೆ 26, ಅದರಲ್ಲಿ ಒಳ್ಳೆಯವು 18, ಕೆಟ್ಟವು 8. "ಬಿ" ಗುಂಪಿನವರ ಬಗ್ಗೆ 13, ಒಳ್ಳೆಯವು 9, ಕೆಟ್ಟವು 4. ಪ್ರಮಾಣ ಎರಡರಲ್ಲೂ ಒಂದೇ. ಆದರೂ ಓದಿದವರು ಸಣ್ಣ ಗುಂಪೇ ಕೆಟ್ಟದ್ದು ಅಂದರು. ಕಡಿಮೆ ಕಾಣುವ ಜನ, ಕಡಿಮೆ ಕಾಣುವ ಕೆಟ್ಟ ಕೆಲಸ, ಎರಡೂ ಒಟ್ಟಿಗೆ ಬಂದಾಗ ತಲೆಯಲ್ಲಿ ಮೊಳೆ ಹೊಡೆದಂತೆ ಕೂರುತ್ತದೆ.

ನಿಮ್ಮ ಮನೆಯಲ್ಲಿ ಇಷ್ಟು ವರ್ಷ ಇದ್ದುಹೋದ ಎಲ್ಲರ ಪಟ್ಟಿ ಮಾಡಿ ನೋಡಿ. ಬಾಡಿಗೆ ತಡ ಮಾಡಿದ ನಿಮ್ಮವರ ಹೆಸರೂ ಅದರಲ್ಲಿ ಬರೆಯಿರಿ. ಅದೇ ಸಮುದಾಯದ, ಸದ್ದಿಲ್ಲದೆ ಬಾಡಿಗೆ ಕೊಟ್ಟು ಹೋದವರನ್ನೂ ನೆನಪು ಮಾಡಿಕೊಳ್ಳಿ. ಸರಿಯಾಗಿ ಬಾಡಿಗೆ ಕೊಟ್ಟವನ ಜಾತಿ ಯಾರಿಗೂ ನೆನಪಿರುವುದಿಲ್ಲ.

ಬೆಟಗೇರಿಯವನು:

ಇಲ್ಲಿ ಎಲ್ಲರೂ ಮನೆ ಕೊಡುವವರ ಕಡೆಯಿಂದ ಬರೆದಿದ್ದೀರಿ. ಮನೆ ಕೇಳುವವನ ಕಡೆಯಿಂದ ನಾನು ಬರೆಯುತ್ತೇನೆ.

ನಾನು ಗದಗ-ಬೆಟಗೇರಿಯ ಸೆಟ್ಲಮೆಂಟ್‌ನವನು. ಓದಿದ್ದು ಧಾರವಾಡದಲ್ಲಿ. ಫೋನು ಮಾಡಿದಾಗ ರೂಮು ಖಾಲಿ ಇರುತ್ತದೆ. ಹೋಗಿ ಎದುರು ನಿಂತಾಗಲೂ ಖಾಲಿ ಇರುತ್ತದೆ. ಯಾವ ಊರು? ಗದಗ. ಗದಗದಾಗ ಎಲ್ಲಿ? ಬೆಟಗೇರಿ. ಬೆಟಗೇರಿಯೊಳಗ ಎಲ್ಲಿ? ಸೆಟ್ಲಮೆಂಟ್ ಅಂದ ಕೂಡಲೇ ಅವರ ಅಣ್ಣನ ಮಗ ಬರುವವನಿರುತ್ತಾನೆ, ರೂಮು ಅವನಿಗೆ ಇಟ್ಟಿರುತ್ತಾರೆ. ಬೈಯುವುದಿಲ್ಲ, ಅದೇ ಕಷ್ಟ. ಬೈದರೆ ತಿರುಗಿ ಮಾತಾಡಬಹುದು. ನೀರು ಕೊಟ್ಟು, ನಗುತ್ತ ಕಳಿಸುತ್ತಾರೆ.

ಈ ಸೆಟ್ಲಮೆಂಟ್ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ಹುಬ್ಬಳ್ಳಿ, ಗದಗದ ಎಷ್ಟೋ ಜನರಿಗೆ ಗೊತ್ತಿಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಂತ ಮಾಡಿದರು. 1911ರಲ್ಲಿ ಅದನ್ನು ದೇಶದ ಎಲ್ಲ ಕಡೆಗೂ ಹಿಗ್ಗಿಸಿದರು. ಇಂತಿಂಥ ಸಮುದಾಯ ಹುಟ್ಟಿನಿಂದಲೇ ಅಪರಾಧಿ ಅಂತ ಸರ್ಕಾರವೇ ಪಟ್ಟಿ ಮಾಡಿತು. ಒಬ್ಬ ಕದ್ದದ್ದಕ್ಕೆ ಒಬ್ಬನಿಗೆ ಶಿಕ್ಷೆ ಅನ್ನುವ ಕಾಯ್ದೆ ಅಲ್ಲ ಇದು. ಹೆಸರು ನೋಂದಣಿ, ಹಾಜರಿ, ಊರು ಬಿಟ್ಟು ಹೋಗಲು ಚೀಟಿ. ಹುಬ್ಬಳ್ಳಿ, ಗದಗ, ಸೊಲ್ಲಾಪುರ ಹೀಗೆ ಅಲ್ಲಲ್ಲಿ ಸೆಟ್ಲಮೆಂಟ್ ಮಾಡಿ ಕೂಡಿಹಾಕಿ ಗಿರಣಿ ಕೆಲಸಕ್ಕೆ ಹಚ್ಚಿದರು. ಸ್ವಾತಂತ್ರ್ಯ ಬಂದ ಮೇಲೂ 1952ರ ಆಗಸ್ಟ್ 31ರವರೆಗೆ ಕಾಯಬೇಕಾಯಿತು, ಆ ಪಟ್ಟಿಯಿಂದ ಬಿಡುಗಡೆ ಆಗಲು. ಅಂದರೆ ಅಕ್ಕಾರೆ, ನಿಮ್ಮ ತಂದೆ ಆಡಿದ ಮಾತನ್ನು ಒಂದು ಕಾಲದಲ್ಲಿ ಸರ್ಕಾರ ಕಾಯ್ದೆ ಪುಸ್ತಕದಲ್ಲೇ ಬರೆದಿಟ್ಟಿತ್ತು. ಕಾಯ್ದೆ ಹೋಯಿತು. ಮನೆ ಬಾಗಿಲಲ್ಲಿ ನಿಂತಾಗ ನನಗೆ ಅದು ಹೋದ ಹಾಗೆ ಕಾಣುವುದಿಲ್ಲ.

ಗೋಕುಲ ರೋಡಿನ ಅಣ್ಣಾರು ಅನುಭವ ಅಂದರು. ನನ್ನ ಅನುಭವ ಹೇಳುತ್ತೇನೆ. ನಮ್ಮ ಮಂದಿ ಬಗ್ಗೆ ಕೆಟ್ಟ ಮಾತು ಕೇಳಿದ್ದಕ್ಕಿಂತ ಜಾಸ್ತಿ ಸಲ ನಾನು ಕೇಳಿದ ಮಾತು "ನಿನ್ನ ನೋಡಿದರ ಹಂಗ ಅನಸೂದ ಇಲ್ಲ ನೋಡು" ಅನ್ನುವುದು. ಪ್ರೀತಿಯಿಂದಲೇ ಹೇಳುತ್ತಾರೆ. ಗೆಳೆಯನ ತಾಯಿ ಊಟಕ್ಕೆ ಬಡಿಸುತ್ತಾ ಹೇಳಿದ್ದಾರೆ. ಅದರ ಅರ್ಥ ಏನು ಅಂತ ಯೋಚನೆ ಮಾಡಿ. ನಾನು ಒಳ್ಳೆಯವನು ಅನಿಸಿದರೆ ನನ್ನನ್ನು ನಮ್ಮ ಮಂದಿಯಿಂದ ಹೊರಗೆ ತೆಗೆದು ಬೇರೆ ಇಡುತ್ತಾರೆ. ನಮ್ಮವರಲ್ಲಿ ಯಾರೋ ಒಬ್ಬ ಕೆಟ್ಟವನು ಸಿಕ್ಕರೆ ಅವನನ್ನು ಮಾತ್ರ ಒಳಗೇ ಇಟ್ಟು ಲೆಕ್ಕ ಹಿಡಿಯುತ್ತಾರೆ. ಹೀಗಾದರೆ ಆ ಲೆಕ್ಕ ಯಾವತ್ತಾದರೂ ಸರಿಹೋಗುವುದು ಹೇಗೆ? ನಾನು ಎಷ್ಟು ಒಳ್ಳೆಯವನಾದರೂ ನನ್ನ ತಮ್ಮನಿಗೆ ರೂಮು ಸಿಗುವುದಿಲ್ಲ.

ಇನ್ನೊಂದು, ನಮ್ಮ ಒಳಗೆ ಏನಾಗುತ್ತದೆ ಅನ್ನುವುದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವವರು ಉತ್ತರ ಪ್ರದೇಶದ ಹಳ್ಳಿಗಳ ಶಾಲಾ ಹುಡುಗರ ಕೈಲಿ ದಾರಿ ಹುಡುಕುವ ಒಗಟು ಬಿಡಿಸಿದರು, 2006ರಲ್ಲಿ ಪ್ರಕಟವಾಗಿದೆ. ಜಾತಿ ಹೇಳದೆ ಕೂರಿಸಿದಾಗ ಮೇಲ್ಜಾತಿ, ಕೆಳಜಾತಿ ಹುಡುಗರು ಒಗಟು ಬಿಡಿಸುವುದರಲ್ಲಿ ಹೆಚ್ಚು ಕಡಿಮೆ ಸಮ. ಎಲ್ಲರೆದುರು ಹೆಸರು, ತಂದೆ ಹೆಸರು, ಜಾತಿ ಓದಿ ಹೇಳಿದಾಗ ಕೆಳಜಾತಿ ಹುಡುಗರು ಹಿಂದೆ ಬಿದ್ದರು. ಹುಡುಗರು ಬದಲಾಗಿರಲಿಲ್ಲ, ತಮ್ಮನ್ನು ಹೇಗೆ ನೋಡುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು ಅಷ್ಟೇ. ಸಂದರ್ಶನದಲ್ಲಿ "ಗದಗದಾಗ ಎಲ್ಲಿ?" ಅಂತ ಕೇಳಿದಾಗ ನನ್ನ ಬಾಯಿ ಒಣಗುವುದು ಯಾಕೆ ಅಂತ ಅದನ್ನು ಓದಿದ ಮೇಲೆ ಅರ್ಥವಾಯಿತು.

ಅಕ್ಕಾರೆ, ನಿಮ್ಮ ತಂದೆಗೆ ಹೇಳಿ. ಅಡ್ವಾನ್ಸ್ ಕೇಳಲಿ, ಪಗಾರ ಚೀಟಿ ಕೇಳಲಿ, ಹಿಂದಿನ ಮನೆ ಮಾಲೀಕರ ನಂಬರ್ ಕೇಳಿ ಫೋನ್ ಹಚ್ಚಲಿ. ಇಷ್ಟನ್ನೂ ನನ್ನ ಹತ್ತಿರ ಕೇಳಲಿ, ನಿಮ್ಮ ಸಂಬಂಧಿಕರ ಹುಡುಗನ ಹತ್ತಿರವೂ ಕೇಳಲಿ.

ಕಲಘಟಗಿ ಶಿಕ್ಷಕಿ:

ಬೆಟಗೇರಿಯ ತಮ್ಮ ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ತಾಲ್ಲೂಕಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನ ಇದ್ದಾರೆ. ತಲೆತಲಾಂತರದಿಂದ ಇಲ್ಲಿಯವರೇ. ಮಕ್ಕಳು ನಮ್ಮಂತೆಯೇ ಕನ್ನಡ ಮಾತಾಡುತ್ತವೆ. ಹುಬ್ಬಳ್ಳಿಗೆ ಹೋದರೆ ಮಾತ್ರ "ಯಾವ ದೇಶ?" ಅಂತ ಕೇಳುತ್ತಾರೆ, ಅದೂ ಇಂಗ್ಲಿಷಿನಲ್ಲಿ. ಮಗು ಕನ್ನಡದಲ್ಲಿ ಉತ್ತರ ಕೊಟ್ಟರೆ ಆಶ್ಚರ್ಯಪಟ್ಟು ನಗುತ್ತಾರೆ. ಜೊತೆಗೆ "ನೀವೆಲ್ಲ ಓಟದಲ್ಲಿ ಭಾರೀ ಜೋರಲ್ವಾ" ಅನ್ನುವುದು ಬೇರೆ. ಹೊಗಳಿಕೆಯೇ ಇರಬಹುದು. ಆದರೆ ಲೆಕ್ಕದಲ್ಲಿ ಜಾಣೆಯಾದ ಹುಡುಗಿಗೆ ಎಲ್ಲರೂ ಬರೀ ಓಡು ಅಂದರೆ ಅವಳು ಏನು ಮಾಡಬೇಕು? ಒಳ್ಳೆಯ ಮಾತಿನಲ್ಲೂ ಇಡೀ ಗುಂಪನ್ನು ಒಂದೇ ಅಚ್ಚಿಗೆ ಹಾಕಬಹುದು. ಇಷ್ಟೇ ಹೇಳಬೇಕೆನಿಸಿತು.

ಬ್ಯಾಡಗಿ ಮಾರ್ಕೆಟ್:

ತಂಗೀ, ಹಾವೇರಿ ಜಿಲ್ಲೆಯ ಬ್ಯಾಡಗಿಯಿಂದ ಬರೆಯುತ್ತಿದ್ದೇನೆ, ಮೆಣಸಿನಕಾಯಿ ವ್ಯಾಪಾರ. "ಎಲ್ಲರೂ ಬೆರೆತರೆ ತಾನೇ ಸರಿಹೋಗುತ್ತದೆ" ಅಂತ ಯಾರಾದರೂ ನಿನಗೆ ಹೇಳಿಯೇ ಹೇಳುತ್ತಾರೆ. ಅದರ ಬಗ್ಗೆ ನಾನು ಮಾತಾಡಬೇಕು.

ನಮ್ಮ ಮಾರ್ಕೆಟ್ಟಿಗಿಂತ ಜಾಸ್ತಿ ಬೆರೆತ ಜಾಗ ಎಲ್ಲಿದೆ? ಸೋಮವಾರ, ಗುರುವಾರ ಬಂದು ನೋಡು. ಬಳ್ಳಾರಿ, ರಾಯಚೂರಿನ ರೈತರು, ಆಂಧ್ರದವರು, ಎಲ್ಲಾ ಜಾತಿಯ ಹಮಾಲರು, ದಲಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಲಾರಿ ಡ್ರೈವರುಗಳು. ತಲೆಮಾರುಗಳಿಂದ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೇವೆ. ಅಷ್ಟಕ್ಕೇ ಮನಸ್ಸು ಬದಲಾಗುವುದಾಗಿದ್ದರೆ ಬ್ಯಾಡಗಿಯಲ್ಲಿ ಜಾತಿ ಯಾವತ್ತೋ ಮಾಯವಾಗಬೇಕಿತ್ತು. ಆಗಿಲ್ಲ. ಯಾಕೆ ಅಂದರೆ ಹಮಾಲ ಹಮಾಲನಾಗಿ, ಸಾವುಕಾರ ಸಾವುಕಾರನಾಗಿಯೇ ಎದುರಾಗುತ್ತಾರೆ. ಗಾರ್ಡನ್ ಆಲ್‌ಪೋರ್ಟ್ ಅನ್ನುವ ಪಂಡಿತರು 1954ರಲ್ಲೇ ಇದನ್ನು ಹೇಳಿದ್ದಾರೆ. ಬರೀ ಕೂಡಿದರೆ ಸಾಲದು. ಸಮಸಮ ಇರಬೇಕು, ಇಬ್ಬರಿಗೂ ಬೇಕಾದ ಒಂದು ಕೆಲಸ ಇರಬೇಕು, ಅದನ್ನು ಕೂಡಿ ಮಾಡಬೇಕು, ಹಿರಿಯರ ಅಥವಾ ಕಾನೂನಿನ ಒತ್ತಾಸೆ ಇರಬೇಕು.

ಮ್ಯಾಟ್ ಲೋ ಅನ್ನುವವರು ಉತ್ತರ ಪ್ರದೇಶದಲ್ಲಿ ಕ್ರಿಕೆಟ್ ಟೂರ್ನಿ ಮಾಡಿಸಿ ಇದನ್ನು ನೋಡಿದರು, 2021ರಲ್ಲಿ ಪ್ರಕಟವಾಯಿತು. ಒಂದೇ ಟೀಮಿನಲ್ಲಿ ಬೇರೆ ಬೇರೆ ಜಾತಿಯವರು ಕೂಡಿ ಆಡಿದಲ್ಲಿ ಗೆಳೆತನ ಬೆಳೆಯಿತು. ಬೇರೆ ಜಾತಿಯವರನ್ನು ಬರೀ ಎದುರಾಳಿಯಾಗಿ ಕಂಡವರಲ್ಲಿ ಆ ಫಲ ಬರಲಿಲ್ಲ. ಇರಾಕಿನಲ್ಲಿ ಸಲ್ಮಾ ಮೂಸಾ ಅನ್ನುವವರು ಕ್ರೈಸ್ತರ ಫುಟ್‌ಬಾಲ್ ಟೀಮುಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದರು, ಇದು 2020ರಲ್ಲಿ ಬಂದದ್ದು. ಟೀಮಿನ ಒಳಗೆ ಪ್ರೀತಿ ಬೆಳೆಯಿತು. ಆದರೆ ಮೈದಾನದ ಹೊರಗೆ, ಗುರುತಿಲ್ಲದ ಮುಸ್ಲಿಮರ ವಿಷಯದಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಬೆಟಗೇರಿ ತಮ್ಮ ಹೇಳಿದ್ದೂ ಇದನ್ನೇ ಅಲ್ವಾ? ಇವನೊಬ್ಬನ ಮೇಲೆ ಪ್ರೀತಿ, ಇವನ ಮಂದಿಯ ಮೇಲೆ ಅಲ್ಲ.

ನಿನ್ನ ಅಪ್ಪಾಜಿ ಶಿಶುನಾಳಕ್ಕೆ ಹೋಗುತ್ತಾರೆ ಅಂದೆ. ಶಿಶುನಾಳ ನಮ್ಮ ಜಿಲ್ಲೆಯದೇ. ಕಳಸದ ಗೋವಿಂದ ಭಟ್ಟರು ಷರೀಫರನ್ನು ಶಿಷ್ಯನಾಗಿ ತೆಗೆದುಕೊಂಡಾಗ ಎರಡೂ ಕಡೆಯ ಮಂದಿ ಸಿಟ್ಟಾಗಿದ್ದರು ಅಂತಲೇ ನಮ್ಮ ಕಡೆ ಹಿರಿಯರು ಹೇಳುವುದು. ಇಂದು ಆ ಗದ್ದುಗೆಗೆ ಎಲ್ಲರೂ ಕೈಮುಗಿಯುತ್ತೇವೆ. ನನಗೂ ಅದು ದೊಡ್ಡದು. ಆದರೆ ಆ ಭಾವನೆ ಜಾತ್ರೆಯ ಅಂಗಳದಲ್ಲೇ ಉಳಿದು, ಮನೆ ಬಾಡಿಗೆ ಮಾತಿಗೆ ಬಂದಾಗ ಜೊತೆಗೆ ಬರುವುದಿಲ್ಲ. ಮನಸ್ಸು ಒಳ್ಳೆಯದಾಗಲಿ, ಆಮೇಲೆ ನೋಡೋಣ ಅಂತ ಕೂತರೆ ಕೆಲಸವಾಗುವುದಿಲ್ಲ. ಮೊದಲು ಪದ್ಧತಿ ಬದಲಿಸಬೇಕು.

ದೆಹಲಿಯಲ್ಲಿ ಹಾಗೇ ಆಗಿದೆ. ದೊಡ್ಡ ಖಾಸಗಿ ಶಾಲೆಗಳು ಬಡವರ ಮಕ್ಕಳಿಗೂ ಸೀಟು ಕೊಡಬೇಕು ಅಂತ 2007ರಲ್ಲಿ ನಿಯಮ ಬಂತು. ಯಾರ ಮನಸ್ಸನ್ನೂ ಕೇಳಿ ಮಾಡಿದ್ದಲ್ಲ. ಗೌತಮ್ ರಾವ್ ಅನ್ನುವ ಅರ್ಥಶಾಸ್ತ್ರಜ್ಞರು ಆಮೇಲೆ ನೋಡಿದಾಗ, ಬಡ ಮಕ್ಕಳ ಜೊತೆ ಒಂದೇ ಕ್ಲಾಸಿನಲ್ಲಿ ಓದಿದ ಶ್ರೀಮಂತರ ಮಕ್ಕಳು ಬಡವರನ್ನು ದೂರ ಇಡುವುದು ಕಡಿಮೆಯಾಗಿತ್ತು, ಕೊಡುವ ಗುಣ ಜಾಸ್ತಿಯಾಗಿತ್ತು.

ಅಪ್ಪಾಜಿಗೆ ನಮ್ಮ ಮಾರ್ಕೆಟ್ಟಿನ ಮಾತು ಹೇಳು. ಒಂದೇ ಊರಿನಿಂದ ಒಂದೇ ಲಾರಿಯಲ್ಲಿ ಮಾಲು ಬಂದರೂ ನಾವು ಲಾಟಿನ ಚೀಲ ಬಿಚ್ಚಿ, ಕೈ ಹಾಕಿ, ಬಣ್ಣ ನೋಡಿ, ಹಸಿ ನೋಡಿಯೇ ಟೆಂಡರ್ ಬರೆಯುತ್ತೇವೆ. ಒಂದೊಂದು ಲಾಟಿಗೆ ಒಂದೊಂದು ದರ. ಊರ ಹೆಸರು ನೋಡಿ ದರ ಬರೆದವನು ನಮ್ಮಲ್ಲಿ ಉಳಿಯುವುದಿಲ್ಲ.

ಸಪ್ತಾಪುರದಾಕೆ:

ಎಲ್ಲರಿಗೂ ಶರಣು. ಬೆಟಗೇರಿಯ ತಮ್ಮಾ, ನಿನ್ನ ಉತ್ತರವನ್ನು ಅಪ್ಪಾಜಿಗೆ ಪೂರ್ತಿ ಓದಿ ಹೇಳಿದೆ. 1952ರವರೆಗೆ ಹಾಗಿತ್ತು ಅಂತ ಅವರಿಗೆ ಗೊತ್ತಿರಲಿಲ್ಲ. ಅಷ್ಟಾದರೂ "ಅದ ಬ್ಯಾರೆ, ಇದ ಬ್ಯಾರೆ" ಅಂದರು. ಆಮೇಲೆ ನಾನು ಮೇಷ್ಟ್ರು ಹೇಳಿದಂತೆ ಹಳೇ ಬಾಡಿಗೆ ಪುಸ್ತಕ ತೆಗೆದು ಅವರ ಮುಂದೆಯೇ ಪಟ್ಟಿ ಮಾಡಿದೆ. ಬಾಕಿ ಇಟ್ಟವರಲ್ಲಿ ನಮ್ಮ ಪೈಕಿಯವರೇ ಜಾಸ್ತಿ, ಯಾಕೆಂದರೆ ನಾವು ರೂಮು ಕೊಟ್ಟದ್ದೇ ಅವರಿಗೆ ಜಾಸ್ತಿ, ಅಡ್ವಾನ್ಸ್ ಕೇಳದೆ ಕೊಟ್ಟದ್ದೂ ಅವರಿಗೇ. ಅದಕ್ಕೆ ಅಪ್ಪಾಜಿಯ ಹತ್ತಿರ ಉತ್ತರ ಇರಲಿಲ್ಲ.

ಈಗ ಒಂದು ಹಾಳೆ ಮಾಡಿದ್ದೇವೆ. ಅಡ್ವಾನ್ಸ್, 11 ತಿಂಗಳ ಕರಾರು, ಹಿಂದಿನ ಮಾಲೀಕರ ನಂಬರ್, ಎಲ್ಲರಿಗೂ ಒಂದೇ. "ಯಾವ ಪೈಕಿ" ಕೇಳುವ ಹಾಗಿಲ್ಲ ಅಂತ ಒಪ್ಪಿದ್ದಾರೆ. ಒಂದು ಮಾತ್ರ ಬಗೆಹರಿದಿಲ್ಲ. "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಬರೆಯೋಣ ಅನ್ನುತ್ತಾರೆ. ಕೆಳಗೆ ಅಜ್ಜಿ ಇದ್ದಾರೆ, ಅವರಿಗೆ ವಾಸನೆ ಆಗುವುದಿಲ್ಲ, ಅದೂ ಸುಳ್ಳಲ್ಲ.

ಬೆಟಗೇರಿಯವನು:

ಅಕ್ಕಾರೆ, ಆ ಸಾಲು ಹಾಕಿದರೆ "ಯಾವ ಪೈಕಿ" ಅಂತ ಕೇಳುವ ಅಗತ್ಯವೇ ಉಳಿಯುವುದಿಲ್ಲ. ನಮ್ಮಂಥವರು ಬೋರ್ಡು ಓದಿಯೇ ಹಿಂದೆ ಹೋಗುತ್ತೇವೆ.

ಗೋಕುಲ ರೋಡ್ ಮನೆ ಮಾಲೀಕ, ಹುಬ್ಬಳ್ಳಿ:

ತಂಗೀ, ಓದುವ ಹುಡುಗರು ರೂಮಿನಲ್ಲಿ ಅಡುಗೆ ಮಾಡುವುದೇ ಕಡಿಮೆ, ಎಲ್ಲರೂ ಮೆಸ್ಸಿಗೆ ಹೋಗುತ್ತಾರೆ. ಅಜ್ಜಿಯ ಸಲುವಾಗಿ ಆದರೆ "ರೂಮಿನಲ್ಲಿ ಒಲೆ ಹಚ್ಚುವಂತಿಲ್ಲ" ಅಂತ ಬರೆಯಿರಿ, ಎಲ್ಲರಿಗೂ. ಹೊರಗೆ ಯಾರು ಏನು ತಿಂದು ಬರುತ್ತಾರೆ ಅನ್ನುವುದು ನಿಮ್ಮ ಅಪ್ಪಾಜಿಗೆ ಸಂಬಂಧಿಸಿದ್ದಲ್ಲ. ನಿಮ್ಮ ಹಾಳೆಯ ಫೋಟೋ ಇಲ್ಲಿ ಹಾಕಿ, ನನಗೂ ಬೇಕು.